ಬಾಗಿಲ ಹತ್ತಿರದ ರೆಕಾರ್ಡು

ಜೂನ್ 6

ದೊಡ್ಡವನೇ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ನಿಮ್ಮ ಬ್ಯಾಂಡಿನ ಡ್ರಮ್ಮರ್ ಹೇಳಿದ. ನಿನ್ನ ವಿಳಾಸವನ್ನು ಕೊಟ್ಟವನೂ ಅವನೇ. ಹೆತ್ತ ಮಗನ ವಿಳಾಸವನ್ನು ಕಂಡವರ ಹತ್ತಿರ ಕೇಳಿ ಪಡೆಯುವ ಹಾಗಾಯಿತು. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ನಿನ್ನ ತಮ್ಮನ ಶ್ವಾಸಕೋಶ ಕೆಟ್ಟಿದೆ. ದೊಡ್ಡ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಏನೇನೋ ವಿವರಿಸಿದರು. ನಾನು ಹೈಸ್ಕೂಲು ಮುಗಿಸಿದವಳು, ಸುತ್ತಿ ಬಳಸಿ ಹೇಳಬೇಡಿ ಎಂದೆ. ಆಗ ಅವರು ಕನ್ನಡಕ ತೆಗೆದಿಟ್ಟು, "ಈ ವರ್ಷ ದಾಟೋದು ಕಷ್ಟ ಅಮ್ಮಾ, ಮನೆಗೆ ಕರ್ಕೊಂಡು ಹೋಗಿ" ಎಂದರು. ಕರೆದುಕೊಂಡು ಬಂದೆ. ಹೊಲಿಗೆ ಅಂಗಡಿಯ ಮೇಲೆ ನೀವಿಬ್ಬರೂ ಮಲಗುತ್ತಿದ್ದ ಕೋಣೆಯಲ್ಲೇ ಇದ್ದಾನೆ. ಆಕ್ಸಿಜನ್ ಸಿಲಿಂಡರನ್ನು ಮೆಟ್ಟಿಲ ಮೇಲೆ ಹೊತ್ತು ತಂದವನು ಡ್ರಮ್ಮರ್. ಹೊರುವಾಗಲೂ ಅವನ ಬಾಯಿ ಸುಮ್ಮನಿರಲಿಲ್ಲ.

ಹೋದ ವಾರ ತಮ್ಮ ಅಟ್ಟದಿಂದ ನಿಮ್ಮ ರೆಕಾರ್ಡುಗಳನ್ನು ಇಳಿಸಲು ಹೇಳಿದ. ಬ್ಯಾಂಡಿನವು ಐದು, ಬ್ಯಾಂಡು ಒಡೆದ ಮೇಲೆ ನೀವು ಒಬ್ಬೊಬ್ಬರೇ ಮಾಡಿದವು ಮೂರು. ಮಂಚದಿಂದ ಬಾಗಿಲಿನವರೆಗೆ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದ. ಒಂದನ್ನು ನಿಲ್ಲಿಸುವುದು, ಕೂತು ಉಸಿರೆಳೆದುಕೊಳ್ಳುವುದು, ಮತ್ತೆ ಏಳುವುದು. ಕೈ ಹಾಕಲು ಹೋದರೆ ನನ್ನನ್ನೇ ಗದರಿದ. ಚಿಕ್ಕಂದಿನಲ್ಲಿ ನೀವು ಬೇರೆಯವರ ರೆಕಾರ್ಡುಗಳನ್ನಿಟ್ಟುಕೊಂಡು ಆಡುತ್ತಿದ್ದ ಆಟವೇ ಇದು. ಯಾವುದು ಮೇಲು, ಯಾವುದು ಕೀಳು ಎಂದು ಒಬ್ಬ ಸಾಲು ಕಟ್ಟಬೇಕು. ಇನ್ನೊಬ್ಬ ಅದರಲ್ಲಿ ಒಂದೇ ಒಂದನ್ನು ಸರಿಸಬೇಕು. ಕಾರಣ ಹೇಳಬಾರದು. ಬಾಯಿ ಮುಚ್ಚಿಕೊಂಡು ಆಡುವ ಆಟವೆಂದು ನಾನು ಬಿಟ್ಟಿದ್ದೆ, ಕೆಳಗೆ ಗಿರಾಕಿಗಳಿರುತ್ತಿದ್ದರು.

"ಈಗ ಅಣ್ಣನ ಸರದಿ" ಎಂದ. "ಅವನಿಗೆ ಬರಿ ಅಮ್ಮ. ಒಂದು ಸರಿಸಲಿ, ಸಾಕು. ಕ್ಷಮೆ ಗಿಮೆ ಏನೂ ಬೇಡ ಅಂತ ಹೇಳು."

ಏಕೆ ಹಾಗೆಂದನೆಂದು ನಿನಗೆ ಗೊತ್ತು. ಆ ಪತ್ರಿಕೆಯವರು ಕೇಳಿದಾಗ ಎಂಟರಲ್ಲಿ ನಿನ್ನದೇ ಮೊದಲನೆಯದು, ಅವನ 'ಮೆಷಿನ್ ಕೋಣೆ' ಎಂಟನೆಯದು ಎಂದವನು ನೀನು. "ಅದು ಹಾಡಲ್ಲ, ಹೊಲಿಗೆ ಮೆಷಿನ್ನಿನ ಸದ್ದು" ಎಂದು ಮೇಲೊಂದು ಒಗ್ಗರಣೆ ಬೇರೆ. ಆ ಮೆಷಿನ್ನು ನನ್ನದು. ನಿನ್ನ ಶಾಲೆಯ ಚಡ್ಡಿಗಳನ್ನು ಹೊಲಿದದ್ದು ಅದೇ. ಅಂದು ಬಿಟ್ಟ ಮಾತನ್ನು ನೀವಿಬ್ಬರೂ ಇಂದಿನವರೆಗೆ ಆಡಿಲ್ಲ.

ಬಂದು ನಿನ್ನ ಕೈಯಾರೆ ಸರಿಸಿದರೆ ಒಳ್ಳೆಯದು. ಆಗದಿದ್ದರೆ ಬರೆ, ನಾನು ಸರಿಸುತ್ತೇನೆ. ಡ್ರಮ್ಮರ್ ಮನೆಯಲ್ಲಿ ಫೋನಿದೆ ಎಂದು ಮನೆಯ ಮಾತನ್ನು ಅವನ ಕೈಗೆ ಕೊಡಬೇಡ, ಬೀದಿಗೆಲ್ಲ ಬಾರಿಸಿಕೊಂಡು ಬರುತ್ತಾನೆ. ತಾರೀಖು ಹಾಕಿ ಬರೆ. ತಾರೀಖಿಲ್ಲದ ಬಿಲ್ಲನ್ನೂ ತಾರೀಖಿಲ್ಲದ ಪತ್ರವನ್ನೂ ನಾನು ನಂಬುವವಳಲ್ಲ.

ನಿನ್ನ ತಾಯಿ


ಜೂನ್ 19

ಅಮ್ಮ,

ನೋಡು, ತಾರೀಖು ಹಾಕಿದ್ದೇನೆ.

ನಿನ್ನ ಅಕ್ಷರ ಕಂಡು ಮೊದಲು ಖುಷಿಯಾಯಿತು. ಆಮೇಲೆ ಓದಿದೆ. ಬೇರೆ ಡಾಕ್ಟರಿಗೆ ತೋರಿಸಿದ್ದೀರಾ? ಈಗ ಹೊಸ ಹೊಸ ಔಷಧಿಗಳು ಬಂದಿವೆಯಂತೆ. ಇಲ್ಲಿ ಅಡುಗೆಯವನ ಮಾವನಿಗೆ ಹೀಗೇ ಆಗಿ, ಈಗ ಸೈಕಲ್ ಹೊಡೆಯುತ್ತಿದ್ದಾನೆ.

ಬರಲು ಮನಸ್ಸಿಲ್ಲ ಎಂದುಕೊಳ್ಳಬೇಡ. ಈ ಹೋಟೆಲ್ಲಿನ ಸಭಾಂಗಣದಲ್ಲಿ ಪ್ರತಿ ಸಂಜೆ ನನ್ನ ಹಾಡಿದೆ. ಜನ ತುಂಬಿರುತ್ತಾರೆ. ಸೀಸನ್ ಮುಗಿಯುವವರೆಗೆ ಬಿಡುವುದಿಲ್ಲ ಎಂದು ಮ್ಯಾನೇಜರ್ ಕೈ ಮುಗಿಯುತ್ತಾನೆ. ದ್ವೀಪದಿಂದ ದಡಕ್ಕೆ ಹೋಗುವ ದೋಣಿಯೂ ದಿನಾ ಇಲ್ಲ.

ಆ ಆಟ ಅವನ ತಲೆಯಲ್ಲಿ ಇನ್ನೂ ಇದೆಯಾ! ಆ ಪತ್ರಿಕೆಯವನು ಕೇಳಿದಾಗ ನಾನು ಬಾಯಿಗೆ ಬಂದದ್ದು ಹೇಳಿದೆ. ಈಗ ಕೇಳಿದರೆ ಬೇರೆ ಹೇಳುತ್ತೇನೆ. ಬ್ಯಾಂಡಿನವುಗಳಲ್ಲಿ 'ನೀರಿನ ಟ್ಯಾಂಕು' ಮೇಲು. ಅದರಲ್ಲಿ ನಾಲ್ವರೂ ಒಬ್ಬರ ಮಾತು ಒಬ್ಬರು ಕೇಳಿದ್ದೆವು. ಆಮೇಲೆ 'ಕಪ್ಪು ಕೊಡೆ'. ನಾವು ಮಾಡಿದ ಮೊದಲನೆಯದಲ್ಲವೇ, ಶ್ರುತಿ ಅಲ್ಲಲ್ಲಿ ಕೈ ಕೊಟ್ಟಿದೆ, ಆದರೆ ಹೊಟ್ಟೆಯಲ್ಲಿ ಹಸಿವಿತ್ತು. 'ನಾಲ್ಕು ಕುರ್ಚಿ' ಮಾಡುವಾಗ ಕೀಬೋರ್ಡು ನುಡಿಸುವ ಕನ್ನಡಕದವನು ಅರ್ಧಕ್ಕೇ ಎದ್ದು ಹೋದ, ನಿಜಕ್ಕೂ ಅದು ಮೂರೇ ಕುರ್ಚಿ. 'ಗಡಿಯಾರದಂಗಡಿ' ಎಷ್ಟು ಉದ್ದವೆಂದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಕೇಳುವವನಿಗೆ ಗಡ್ಡ ಬಂದಿರುತ್ತದೆ. 'ಕೊನೇ ಬಸ್ಸು' ಜಗಳದ ನಡುವೆ ಮಾಡಿದ್ದು. ತಮ್ಮ ಬರೆದ ಎರಡು ಹಾಡು ಬಿಟ್ಟರೆ ಉಳಿದದ್ದೆಲ್ಲ ಬಾಗಿಲು ಬಡಿಯುವ ಸದ್ದೇ. ಡ್ರಮ್ಮರ್ ಒಬ್ಬನೇ ಮಾಡಿದ 'ಎರಡು ಕೋಲು' ಅನ್ನು ಅವನ ಹೆಂಡತಿಯೂ ಪೂರ್ತಿ ಕೇಳಿಲ್ಲ. ನನ್ನ 'ಬಿಳಿ ಸೂಟಿ'ನಲ್ಲಿ ಸೂಟು ಬಹಳ ಚೆನ್ನಾಗಿತ್ತು. ಹೊಲಿದವಳು ನೀನು.

ಅವನು ಯಾವುದನ್ನು ಎಲ್ಲಿ ನಿಲ್ಲಿಸಿದ್ದಾನೆ? ಮಂಚದ ಕಡೆಯಿಂದ ಬಾಗಿಲಿನವರೆಗೆ ಒಂದೊಂದಾಗಿ ಬರೆ. ನೋಡದೆ ಸರಿಸುವುದು ಹೇಗೆ?

ದೊಡ್ಡವ


ಜುಲೈ 3

ದೊಡ್ಡವನೇ,

ಏಳು ರೆಕಾರ್ಡುಗಳ ಬಗ್ಗೆ ಬರೆದಿದ್ದೀಯ. ಗೋಡೆಗೆ ಒರಗಿ ನಿಂತಿರುವುದು ಎಂಟು. ನಾನು ಲೆಕ್ಕದಲ್ಲಿ ಎಂದೂ ಹಿಂದೆ ಬಿದ್ದವಳಲ್ಲ.

ಬೇರೆ ಡಾಕ್ಟರಿಗೂ ತೋರಿಸಿದ್ದಾಯಿತು. ಅಡುಗೆಯವನ ಮಾವ ಸೈಕಲ್ ಹೊಡೆಯಲಿ, ಸಂತೋಷ.

ಸಾಲು ಕೇಳಿದ್ದೀಯ. ಮಂಚದ ಕಡೆಯಿಂದ ಬರೆಯುತ್ತೇನೆ.

ತಲೆದಿಂಬಿನ ಪಕ್ಕದಲ್ಲೇ ಅವನ 'ಮೆಷಿನ್ ಕೋಣೆ'. ಅದರ ಕವರಿನ ಮೇಲೆ ನನ್ನ ಮೆಷಿನ್ನಿನ ಪೆಡಲು, ನನ್ನ ಕಾಲಿನ ಹೆಬ್ಬೆರಳೂ ಕಾಣುತ್ತದೆ. ಕೇಳದೆ ತೆಗೆದ ಫೋಟೋ. ಆಮೇಲೆ ಡ್ರಮ್ಮರ್‌ನ 'ಎರಡು ಕೋಲು'. ಹೊಟ್ಟೆ ಒಳಗೆಳೆದು ನಿಂತಿದ್ದಾನೆ, ಆದರೂ ಕೆಳಗಿನ ಗುಂಡಿ ಹಾಕಲಾಗಿಲ್ಲ. ಅಳತೆ ಕೊಡಲು ಬಾ ಎಂದರೆ ಬಂದಿರಲಿಲ್ಲ. ಮೂರನೆಯದು 'ಗಡಿಯಾರದಂಗಡಿ', ನಾಲ್ಕನೆಯದು 'ಕೊನೇ ಬಸ್ಸು'. ಇದರಲ್ಲಿ ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ಮಾಡಿದ್ದೀರಿ, ಆದರೆ ನಾಲ್ಕು ಕೋಟುಗಳ ಅಂಚು ಒಂದೇ ಗೆರೆಯಲ್ಲಿದೆ. ಆ ಕೋಟುಗಳು ನನ್ನವು. ಐದನೆಯದು 'ನಾಲ್ಕು ಕುರ್ಚಿ'. ಆರನೆಯದು 'ಕಪ್ಪು ಕೊಡೆ'. ಅದರಲ್ಲಿ ತಮ್ಮ ತೊಟ್ಟಿರುವುದು ನಿನ್ನ ಹಳೆಯ ಅಂಗಿ, ತೋಳು ಬಿಚ್ಚಿ ನಾನೇ ಗಿಡ್ಡ ಮಾಡಿಕೊಟ್ಟಿದ್ದೆ. ಏಳನೆಯದು 'ನೀರಿನ ಟ್ಯಾಂಕು'. ಬಾಗಿಲ ಚೌಕಟ್ಟಿಗೆ ತಾಗಿದ ಹಾಗೆ ನಿನ್ನ 'ಬಿಳಿ ಸೂಟು'.

ನಾನು ಇವುಗಳಲ್ಲಿ ಒಂದನ್ನೂ ಪೂರ್ತಿಯಾಗಿ ಕೇಳಿಲ್ಲ. ಅವು ಮೇಲೆ ಹುಟ್ಟುವಾಗ ಕೆಳಗೆ ಕೂತು ಹೊಲಿಯುತ್ತಿದ್ದೆ, ನೆಲದ ಹಲಗೆಯಿಂದ ಇಳಿದು ಬಂದಷ್ಟು ಸಾಕಾಗಿತ್ತು.

ಅವನು ಈಗ ಒರಗಿಯೇ ನಿದ್ದೆ ಮಾಡುತ್ತಾನೆ. ಎರಡು ಮಾತಿಗೊಮ್ಮೆ ನಿಲ್ಲುತ್ತಾನೆ. ಆದರೂ ಪೋಸ್ಟಿನವನು ಗಂಟೆ ಹೊಡೆದರೆ ಕಣ್ಣು ಬಿಡುತ್ತಾನೆ. ನಿನ್ನ ಪತ್ರ ಬಂದ ದಿನ, "ಏನ್ ಸರಿಸ್ದ?" ಎಂದ. ಇನ್ನೂ ಸಾಲು ಕೇಳಿದ್ದಾನೆ ಎಂದೆ. "ಅಣ್ಣ ಯಾವಾಗಲೂ ನಿಧಾನ. ಸ್ನಾನಕ್ಕೆ ಹೋದ್ರೂ ಅಷ್ಟೇ" ಎಂದು ನಗಲು ಹೋದ. ಕೆಮ್ಮು ಬಂತು.

ಜನ ತುಂಬಿದ ಸಭಾಂಗಣದಿಂದ ಬಿಡುವು ಮಾಡಿಕೊಂಡು ಒಂದು ಸಾಲು ಬರೆ.

ನಿನ್ನ ತಾಯಿ


ಜುಲೈ 15

ಅಮ್ಮ,

ಸಾಲು ಅರ್ಥವಾಯಿತು.

ನಾನು ಸರಿಸುವುದು ಇದು: ತಲೆದಿಂಬಿನ ಪಕ್ಕದಿಂದ 'ಮೆಷಿನ್ ಕೋಣೆ'ಯನ್ನು ತೆಗೆದು ಬಾಗಿಲ ಹತ್ತಿರ ಇಡು. ನನ್ನ 'ಬಿಳಿ ಸೂಟಿ'ಗಿಂತ ಆಚೆಗೆ, ಚೌಕಟ್ಟಿಗೆ ತಾಗಿಸಿ. ಇಡುವಾಗ ಅವನು ಎಚ್ಚರವಾಗಿರಲಿ. ಅಣ್ಣ ಹೇಳಿ ಕಳಿಸಿದ ಎಂದಷ್ಟೇ ಹೇಳು, ಮತ್ತೇನೂ ಹೇಳಬೇಡ. ಕಾರಣ ಹೇಳಿದರೆ ಆಟ ಕೆಟ್ಟುಹೋಗುತ್ತದೆ, ಅವನಿಗೆ ಸಿಟ್ಟು ಬರುತ್ತದೆ.

ಅವನು ಏನೆಂದ ಎಂದು ಕೂಡಲೇ ಬರೆ.

ದೊಡ್ಡವ


ಜುಲೈ 27

ದೊಡ್ಡವನೇ,

ಕಾಗದವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಓದಿ, ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. ನಿಂತು ಓದುವಂಥ ಪತ್ರವಲ್ಲ ಅದು.

ನಾನು ಅಂಗಡಿ ಇಟ್ಟವಳು. ಒಳ್ಳೆಯ ಬಟ್ಟೆ ಒಳಗೆ, ನನ್ನ ಕುರ್ಚಿಯ ಪಕ್ಕದಲ್ಲಿರುತ್ತದೆ. ಬಾಗಿಲ ಹತ್ತಿರ ನೇತು ಹಾಕುವುದು ಅಗ್ಗದ್ದನ್ನು. ಧೂಳು ಕೂರುವುದು ಅದರ ಮೇಲೆ, ದಾರಿಯಲ್ಲಿ ಹೋಗುವವರ ಬೆವರು ಕೈ ಮುಟ್ಟುವುದೂ ಅದನ್ನೇ. ನನ್ನ ಅಂಗಡಿಯ ಮೇಲೆ ಬೆಳೆದ ಮಕ್ಕಳ ಸಾಲು ನನಗೆ ತಿಳಿಯದೇ? ಸಾಯಲು ಮಲಗಿರುವವನು ತನ್ನ ರೆಕಾರ್ಡನ್ನು ತನ್ನ ತಲೆಯ ಪಕ್ಕದಲ್ಲಿ, ಒಳ್ಳೆಯ ಜಾಗದಲ್ಲಿ ಇಟ್ಟುಕೊಂಡಿದ್ದಾನೆ. ನಿನ್ನದನ್ನು ಬಾಗಿಲಿಗೆ ಇಟ್ಟ ಎಂದು ನಿನಗೆ ಉರಿ. ಅವನದನ್ನು ಎತ್ತಿ ನಿನ್ನದಕ್ಕಿಂತಲೂ ಆಚೆಗೆ ಎಸೆ ಎನ್ನುತ್ತೀಯ. ಅದೂ ಅವನು ಎಚ್ಚರವಿರುವಾಗ, ಅದೂ ನನ್ನ ಕೈಯಿಂದ! ಅಂದು ಪತ್ರಿಕೆಯಲ್ಲಿ ಮಾಡಿದ ಅವಮಾನ ಸಾಲಲಿಲ್ಲ ನಿನಗೆ.

ನಾನು ಸರಿಸಲಿಲ್ಲ.

ಮೇಲೆ ಹೋಗಿ ಅವನ ಹತ್ತಿರ ಕೂತು, "ಅಣ್ಣ ಬರೆದಿದಾನೆ ಕಣೋ. ಏನೂ ಸರಿಸೋದು ಬೇಡವಂತೆ. ನೀನು ಇಟ್ಟಿರೋದೇ ಸರಿಯಂತೆ" ಎಂದೆ. ನಿನ್ನ ಮಾನವನ್ನೂ ನಾನೇ ಉಳಿಸಿದೆ ಎಂದು ತಿಳಿದುಕೋ.

"ಹಾಗಂತ ಅಣ್ಣನೇ ಬರೆದನಾ?" ಎಂದ.

"ಮತ್ತೆ ನಾನು ಸುಳ್ಳು ಹೇಳ್ತೀನಾ?" ಎಂದೆ.

"ಒಂದೂ ಸರಿಸಲಿಲ್ವಾ? ನನ್ನದೂ ಅಲ್ಲೇ ಇರಲಿ ಅಂದನಾ?"

"ಅಲ್ಲೇ ಇರಲಿ ಅಂದ."

ಬಹಳ ಹೊತ್ತು ಆ ರೆಕಾರ್ಡನ್ನು ನೋಡಿದ. ಆಮೇಲೆ, "ಆಯ್ತು ಬಿಡು. ಆಟ ಮುಗೀತು" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಅವನಿಗೆ ನೆಮ್ಮದಿಯಾಯಿತು. ಈಗ ಪೋಸ್ಟಿನವನ ಗಂಟೆಗೂ ಕಣ್ಣು ಬಿಡುವುದಿಲ್ಲ, ಒಂದೇ ಸಮನೆ ನಿದ್ದೆ. ಊಟ ಬೇಡ ಎನ್ನುತ್ತಾನೆ, ಹಟ ಮಾಡುವುದಿಲ್ಲ. ರೆಕಾರ್ಡುಗಳನ್ನು ಅಟ್ಟಕ್ಕೆ ಹಾಕು ಎಂದ. ಇರಲಿ, ನೋಡಲು ಚೆನ್ನಾಗಿವೆ ಎಂದು ನಾನೇ ಬಿಟ್ಟಿದ್ದೇನೆ.

ನಿನ್ನ ಹೊಟ್ಟೆಕಿಚ್ಚನ್ನು ನೀನಿರುವ ದ್ವೀಪದಲ್ಲೇ ಇಟ್ಟುಕೋ. ಈ ಮನೆಗೆ ಕಳಿಸಬೇಡ.

ನಿನ್ನ ತಾಯಿ


ಆಗಸ್ಟ್ 9

ಅಮ್ಮ,

ಈ ಕಾಗದ ಕೈಗೆ ಬಂದ ಕೂಡಲೇ ಓದುವುದನ್ನು ಇಲ್ಲಿಗೆ ನಿಲ್ಲಿಸಿ ಮೇಲೆ ಹೋಗು. 'ಮೆಷಿನ್ ಕೋಣೆ'ಯನ್ನು ಬಾಗಿಲ ಹತ್ತಿರ ಇಡು. ಅವನನ್ನು ಎಬ್ಬಿಸಿ ತೋರಿಸು. ಆಮೇಲೆ ಬಂದು ಮುಂದಕ್ಕೆ ಓದು.

ನಮ್ಮ ಆಟದಲ್ಲಿ ಬಾಗಿಲೇ ಮೊದಲ ಸ್ಥಾನ, ಅಮ್ಮ. ಇಸ್ತ್ರಿಪೆಟ್ಟಿಗೆಯ ಕೆಂಡ ಸಿಡಿದು ಅಂಗಡಿಗೆ ಬೆಂಕಿ ಹತ್ತಿದ್ದು ನೆನಪಿದೆಯಲ್ಲ? ಹೊಗೆ ಮೆಟ್ಟಿಲು ಹತ್ತಿ ಬಂದಾಗ ನೀನು ನಮ್ಮಿಬ್ಬರ ರಟ್ಟೆ ಹಿಡಿದು ಎಳೆದುಕೊಂಡು ಓಡಿದೆ. ಆಗ ಬಾಗಿಲ ಹತ್ತಿರ ಇದ್ದ ಒಂದು ರೆಕಾರ್ಡು ತಮ್ಮನ ಕೈಗೆ ಸಿಕ್ಕಿತು. ಅದೊಂದೇ ಉಳಿಯಿತು. ಆಮೇಲೆ ನಾವು ಹಾಗೆಯೇ ಇಡುತ್ತಾ ಬಂದೆವು. ಮನೆಗೆ ಬೆಂಕಿ ಬಿದ್ದರೆ ಯಾವುದನ್ನು ಎತ್ತಿಕೊಂಡು ಓಡುತ್ತೀಯೋ ಅದು ಬಾಗಿಲಿಗೆ. ಸುಟ್ಟರೆ ಸುಡಲಿ ಎನ್ನುವುದು ಮಂಚದ ಕಡೆಗೆ. ನಿನಗೆ ಗೊತ್ತಿದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ನೀನು ಗುಡಿಸಲು ಬಂದಾಗ ಸಾಲನ್ನು ಕೆಡಿಸದೆ ಗುಡಿಸುತ್ತಿದ್ದೆ.

ಅವನು ಕಟ್ಟಿದ್ದು ಪತ್ರಿಕೆಯಲ್ಲಿ ನಾನು ಹೇಳಿದ ಸಾಲನ್ನೇ. ನನ್ನದು ಬಾಗಿಲಿಗೆ, ತನ್ನದು ಸುಡುವ ಕಡೆಗೆ. ಅಣ್ಣ ಈಗಲೂ ಹೀಗೇ ಅನ್ನುತ್ತಾನಾ ಎಂದು ಕೇಳಿದ, ಅಷ್ಟೇ. ಸುಡಲಿ ಬಿಡು ಎಂಬ ಉತ್ತರ ಅವನಿಗೆ ಹೋಯಿತು, ನನ್ನ ಹೆಸರಿನಲ್ಲಿ.

ಡ್ರಮ್ಮರ್ ಮನೆಗೆ ನಿನ್ನೆಯೂ ಇವತ್ತೂ ಫೋನ್ ಮಾಡಿದೆ. ಯಾರೂ ಎತ್ತುತ್ತಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯುತ್ತೇನೆ. 'ಮೆಷಿನ್ ಕೋಣೆ' ಕೇಳಿದ ದಿನದಿಂದ ನನಗೆ ಒಂದು ಹಾಡನ್ನೂ ಕಟ್ಟಲಾಗಲಿಲ್ಲ. ಕಟ್ಟಲು ಕೂತರೆ ಅದರ ಮುಂದೆ ಎಲ್ಲವೂ ಸಪ್ಪೆ. ಇಲ್ಲಿ ನಾನು ಹಾಡುವುದಿಲ್ಲ. ಬೇರೆಯವರು ಹಾಡಿ ಹೋದ ಮೇಲೆ ವೇದಿಕೆಯ ವೈರುಗಳನ್ನು ಸುತ್ತಿಡುತ್ತೇನೆ. ತಮ್ಮನ ಎದುರಿಗೆ ಈ ಕೈ ಇಟ್ಟುಕೊಂಡು ಬಂದು ನಿಲ್ಲಲು ನಾಚಿಕೆಯಾಯಿತು. ಅವನಿಗೆ ಇದನ್ನು ಓದಿ ಹೇಳು. ಆಟದ ನಿಯಮ ಹಾಳಾಗಿ ಹೋಗಲಿ.

ದೊಡ್ಡವ


ಆಗಸ್ಟ್ 12

ಅಮ್ಮ,

ನಿನ್ನೆ ಡ್ರಮ್ಮರ್ ಫೋನ್ ಮಾಡಿದ. ನಾನು ಮಾಡಿದಾಗ ಏಕೆ ಎತ್ತಲಿಲ್ಲ ಎಂದು ಈಗ ತಿಳಿಯಿತು. ಮೂರು ದಿನದಿಂದ ನಮ್ಮ ಮನೆಯಲ್ಲೇ ಇದ್ದನಂತೆ. ಹತ್ತನೇ ತಾರೀಖು ಬೆಳಗ್ಗೆ ತಮ್ಮ ಹೋದ ಎಂದ. ಕೊನೆಯ ದಿನಗಳಲ್ಲಿ ಮಾತೇ ಆಡಲಿಲ್ಲವಂತೆ.

ನಾನು ಒಂಬತ್ತನೇ ತಾರೀಖು ಒಂದು ಪತ್ರ ಹಾಕಿದ್ದೇನೆ. ಅದು ಬಂದರೆ ಒಡೆಯಬೇಡ, ಹಾಗೇ ಹರಿದು ಹಾಕು. ಅದರಲ್ಲಿ ಏನೂ ಇಲ್ಲ, ಹೋಟೆಲ್ ಕೆಲಸದ ಗೊಣಗಾಟ. ನಿನಗೆ ಬೇಡದ್ದು.

ನೀನು ಅವನಿಗೆ ಹೇಳಿದ್ದು ಸರಿಯಾಗಿತ್ತು ಅಮ್ಮ. ನಾನೇ ಉರಿಯಲ್ಲಿ ಏನೋ ಬರೆದಿದ್ದೆ. ಅವನಿಗೆ ನೆಮ್ಮದಿಯಾಯಿತು ಎಂದಿದ್ದೀಯ. ಅಷ್ಟು ಸಾಕು.

ಊಟ ಮಾಡು. ಕೆಲವು ದಿನ ಅಂಗಡಿ ತೆರೆಯಬೇಡ.

ದೊಡ್ಡವ


ಆಗಸ್ಟ್

ದೊಡ್ಡವನೇ,

ನಿನ್ನ ಪತ್ರ ಬಂತು. ನೀನು ಹೇಳಿದ ಕಡೆಯೇ ಓದುವುದನ್ನು ನಿಲ್ಲಿಸಿ ಮೇಲೆ ಹೋದೆ. 'ಮೆಷಿನ್ ಕೋಣೆ'ಯನ್ನು ತಲೆದಿಂಬಿನ ಪಕ್ಕದಿಂದ ತೆಗೆದು ಬಾಗಿಲ ಹತ್ತಿರ ಇಟ್ಟೆ, ನಿನ್ನದಕ್ಕಿಂತ ಆಚೆಗೆ, ಚೌಕಟ್ಟಿಗೆ ತಾಗಿಸಿ. ತಮ್ಮನನ್ನು ಎಬ್ಬಿಸಿದೆ. ಗೋಡೆಯಿಂದ ಈಚೆಗೆ ತಿರುಗಿದ. ನೋಡಿದ. "ಅಣ್ಣಂಗೆ ಈಗ ಸರದಿ ಗೊತ್ತಾಯ್ತಾ? ನಿಧಾನಿ" ಎಂದ. ನಕ್ಕ. ಕೆಮ್ಮಲಿಲ್ಲ. ನೀನು ಬರೆದದ್ದನ್ನು ಓದಿ ಹೇಳಿದೆ. ವೈರು ಸುತ್ತುವ ಮಾತಿಗೆ, "ಚೆನ್ನಾಗಿ ಸುತ್ತಲಿ, ಮೊದಲೆಲ್ಲ ಗಂಟು ಹಾಕಿಡ್ತಿದ್ದ" ಎಂದ. ಅದಾಗಿ ಎರಡು ದಿನ ಬಿಟ್ಟು, ನಿದ್ದೆಯಲ್ಲಿ ಹೋದ. ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ.

ಬಾಗಿಲೆಂದರೆ ಮೊದಲನೆಯದು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾರಣ ಹೇಳಬಾರದು ಎಂಬ ನಿಯಮ ಮಾಡಿಕೊಂಡವರು ನೀವು.

ಅಂಗಡಿ ತೆರೆದಿದ್ದೇನೆ. ಹೊಲಿಯಲು ಕೊಟ್ಟವರು ಕಾಯುತ್ತಾರೆಯೇ? ನಿನ್ನೆ ಬಾಗಿಲು ಹಾಕಿದ ಮೇಲೆ ಡ್ರಮ್ಮರ್‌ನಿಂದ ಪ್ಲೇಯರ್ ತರಿಸಿ ಆ ರೆಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಮೆಷಿನ್ನಿಗೆ ಎಣ್ಣೆ ಕಡಿಮೆಯಾಗಿತ್ತು. ಒಂದು ಹಾಡಿನ ಕೊನೆಯಲ್ಲಿ ದಾರ ಕಡಿಯುತ್ತದೆ. "ಮೇಲೆ ಯಾರದು, ಗಲಾಟೆ ನಿಲ್ಲಿಸ್ತೀರೋ ಇಲ್ವೋ?" ಎಂದು ನಾನು ಕೂಗುವುದು ಕೇಳಿಸುತ್ತದೆ. ಅವನು ಅದನ್ನು ತೆಗೆಯದೆ ಹಾಗೇ ಬಿಟ್ಟಿದ್ದಾನೆ. ಅದರ ನಂತರ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೆಷಿನ್ನು ಮತ್ತೆ ಶುರುವಾಗುತ್ತದೆ, ಅವನ ಗಿಟಾರು ಅದಕ್ಕಾಗಿಯೇ ಕಾದು ಕೂತಿದ್ದಂತೆ ಜೊತೆಗೆ ಹೊರಡುತ್ತದೆ. ಎಷ್ಟನೆಯದು ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದರೆ ಹೇಳುವವಳಿದ್ದೆ.

ಲಕೋಟೆ ಅಂಟಿಸುವ ಹೊತ್ತಿಗೆ ಪೋಸ್ಟಿನವನು ಗಂಟೆ ಹೊಡೆದ. ನಿನ್ನ ಇನ್ನೊಂದು ಪತ್ರ. ಡ್ರಮ್ಮರ್ ಆಗಲೇ ನಿನಗೆ ಫೋನ್ ಮಾಡಿದ್ದನಂತೆ. ಹಿಂದಿನ ಪತ್ರವನ್ನು ಒಡೆಯದೆ ಹರಿದು ಹಾಕು ಎಂದಿದ್ದೀಯ. ಆಯಿತು. ಹರಿದು ಹಾಕಿದೆ, ಒಡೆಯಲೇ ಇಲ್ಲ ಎಂದುಕೋ.

ಮೇಲೆ ಬರೆದದ್ದನ್ನು ಮಾತ್ರ ಹೊಡೆದು ಹಾಕುವುದಿಲ್ಲ. ಕತ್ತರಿ ಹಾಕಿದ ಬಟ್ಟೆಯನ್ನು ನನ್ನ ಅಂಗಡಿಯಲ್ಲಿ ವಾಪಸು ತೆಗೆದುಕೊಳ್ಳುವುದಿಲ್ಲ, ನಿನಗೆ ಗೊತ್ತಿದೆ. ಅವನು ನೋಡಿದ. ನಕ್ಕ.

ಈ ಪತ್ರಕ್ಕೆ ತಾರೀಖು ಹಾಕಿಲ್ಲ. ನಿನಗೆ ಯಾವುದು ಸರಿಹೋಗುತ್ತದೋ ಅದನ್ನು ನೀನೇ ಹಾಕಿಕೋ.

ನಿನ್ನ ತಾಯಿ